ಮನೆಮಾತಿನ ವ್ಯಾಕರಣ ಮತ್ತು ಸಂಸ್ಕೃತಿಸ್ಪಂದಿ ಬೋಧನೆ

ಕಪ್ಪು ಮಕ್ಕಳ ಅಸ್ಮಿತೆಯನ್ನು ಮನ್ನಿಸುವ ಬೋಧನಕ್ರಮಕ್ಕೆ ಅಮೆರಿಕದಲ್ಲಿ ಗಟ್ಟಿಯಾದ ತಾತ್ತ್ವಿಕ ನೆಲೆ ಒದಗಿಸಿದವರು ಗ್ಲೋರಿಯಾ ಲ್ಯಾಡ್ಸನ್-ಬಿಲ್ಲಿಂಗ್ಸ್. ಕಲಿಕೆಯ ಯಶಸ್ಸು, ಸಾಂಸ್ಕೃತಿಕ ಸಾಮರ್ಥ್ಯ, ಸಾಮಾಜಿಕ ವಿಮರ್ಶಾಪ್ರಜ್ಞೆ ಈ ಮೂರೂ ಒಟ್ಟಿಗೆ ಬೆಳೆಯಬೇಕೆಂಬುದು 1995ರಲ್ಲಿ ಅವರು ಮಂಡಿಸಿದ ನಿಲುವು. ತರಗತಿಗೆ ಇಳಿಯುವಾಗ ಈ ಪರಿಕಲ್ಪನೆ ಎಷ್ಟೋ ಸಲ ತೆಳುವಾಗುತ್ತದೆ. ಗೋಡೆಗೆ ಹೋರಾಟಗಾರರ ಭಾವಚಿತ್ರಗಳು ಬರುತ್ತವೆ, ಫೆಬ್ರವರಿಯಲ್ಲಿ ಕಪ್ಪು ಜನರ ಇತಿಹಾಸದ ಆಚರಣೆ ನಡೆಯುತ್ತದೆ. ಮಗು ಬರೆದ ವಾಕ್ಯದ ಕೆಳಗಿನ ಕೆಂಪು ಗೆರೆ ಮಾತ್ರ ಇದ್ದಲ್ಲಿಯೇ ಇರುತ್ತದೆ. ಮನೆಮಾತಿನ ವ್ಯಾಕರಣವನ್ನು ಅರಿಯದ ಮನ್ನಣೆ ಅರೆಮನ್ನಣೆಯೆಂಬುದು ಈ ಬರಹದ ವಾದ.

ಅಂಥ ಗೆರೆ ಬೀಳುವ ಒಂದು ವಾಕ್ಯ: 'ಹೀ ಬಿ ವರ್ಕಿಂಗ್'. ಇದನ್ನು 'ಹೀ ಈಸ್ ವರ್ಕಿಂಗ್' ಎಂಬುದರ ಅಪಭ್ರಂಶವೆಂದು ತಿದ್ದುವುದು ವಾಡಿಕೆ. ಕನ್ನಡ ಬಲ್ಲವರಿಗೆ ಇಲ್ಲಿನ ಭೇದ ಬೇಗನೆ ಹೊಳೆದೀತು. 'ಕೆಲಸ ಮಾಡುತ್ತಿದ್ದಾನೆ' ಎಂಬುದು ಈ ಗಳಿಗೆಯ ಮಾತು; 'ಕೆಲಸ ಮಾಡುತ್ತಿರುತ್ತಾನೆ' ಎಂಬುದು ರೂಢಿಯ ಮಾತು. ಆಫ್ರಿಕನ್ ಅಮೆರಿಕನ್ ಇಂಗ್ಲಿಷಿನ 'ಬಿ' ಸೂಚಿಸುವುದು ಈ ಎರಡನೆಯದನ್ನು. ಜಾನಿಸ್ ಜ್ಯಾಕ್ಸನ್ ಅವರ ಪ್ರಯೋಗದ ಚಿತ್ರವೊಂದರಲ್ಲಿ, ಸದಾ ಬಿಸ್ಕತ್ತು ತಿನ್ನುವ ಕುಕಿ ಮಾನ್‌ಸ್ಟರ್ ಕಾಯಿಲೆ ಮಲಗಿದ್ದಾನೆ, ತಿನ್ನುತ್ತಿರುವವನು ಎಲ್ಮೋ. 'ಬಿ' ಬಳಸಿ ಕೇಳಿದಾಗ ಈ ಭಾಷೆಯ ಮಕ್ಕಳು ಹೆಚ್ಚಾಗಿ ಕುಕಿ ಮಾನ್‌ಸ್ಟರನನ್ನೇ ಹೆಸರಿಸಿದರು. ಶಿಕ್ಷಕರ ತಿದ್ದುಪಡಿ ಅಳಿಸುವುದು ಅರ್ಥವನ್ನೇ.

ಈ ಪ್ರಶ್ನೆ ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿತ್ತು. ಮಿಶಿಗನ್ನಿನ ಆನ್ ಆರ್ಬರ್ ಪ್ರಕರಣದಲ್ಲಿ, ಮಕ್ಕಳ ಸಾಮಾಜಿಕ, ಆರ್ಥಿಕ, ಸಾಂಸ್ಕೃತಿಕ ಹಿನ್ನೆಲೆಯನ್ನು ಆಧರಿಸಿದ ವಾದಗಳು ಬಿದ್ದುಹೋಗಿ ಭಾಷೆಯ ವಾದವೊಂದೇ ಉಳಿಯಿತೆಂಬುದು ಗಮನಾರ್ಹ. ಮನೆಮಾತನ್ನು ಗುರುತಿಸಿ, ಆ ಅರಿವನ್ನು ಶಿಷ್ಟ ಇಂಗ್ಲಿಷಿನ ಓದು ಕಲಿಸಲು ಬಳಸುವಂತೆ ಶಿಕ್ಷಕರಿಗೆ ನೆರವಾಗಬೇಕೆಂದು 1979ರಲ್ಲಿ ನ್ಯಾಯಾಧೀಶ ಚಾರ್ಲ್ಸ್ ಜಾಯ್ನರ್ ಶಾಲಾ ಮಂಡಳಿಗೆ ವಿಧಿಸಿದರು. 1996ರಲ್ಲಿ ಓಕ್‌ಲ್ಯಾಂಡ್ ಶಾಲಾ ಮಂಡಳಿ ಇದೇ ದಿಕ್ಕಿನಲ್ಲಿ ನಿರ್ಣಯ ಕೈಗೊಂಡಾಗ ದೇಶವೇ ಅದನ್ನು ಗೇಲಿ ಮಾಡಿತು. ಗೇಲಿ ಮಾಡಿದವರಲ್ಲಿ ನಿರ್ಣಯವನ್ನು ಓದಿದವರೆಷ್ಟೋ!

ಇಂದು ಪ್ರಚಲಿತವಿರುವ ಉಪಾಯವೆಂದರೆ ಮನೆಯಲ್ಲಿ ಒಂದು ಮಾತು, ಶಾಲೆಯಲ್ಲಿ ಇನ್ನೊಂದು. ಈ ವಿಭಜನೆ ಹಳೆಯ ಮೇಲುಕೀಳನ್ನೇ ಸೌಜನ್ಯದಿಂದ ಮುಂದುವರಿಸುತ್ತದೆಯೆಂಬ ಏಪ್ರಿಲ್ ಬೇಕರ್-ಬೆಲ್ ಅವರ ಆಕ್ಷೇಪ ಒಪ್ಪತಕ್ಕದ್ದು. ಹಾಗೆಂದು, ಅಧಿಕಾರದ ಭಾಷೆಯನ್ನು ಕಲಿಸದೆ ಬಿಟ್ಟರೆ ನಷ್ಟ ಮಗುವಿಗೇ ಎಂಬ ಲೀಸಾ ಡೆಲ್ಪಿಟ್ ಅವರ ಎಚ್ಚರಿಕೆಯನ್ನು ಬದಿಗಿಡಲೂ ಆಗದು. ಎರಡನ್ನೂ ಪಾಲಿಸಬೇಕಾದರೆ ಮೊದಲು ವ್ಯಾಕರಣ ಕಲಿಯಬೇಕಾದವರು ಶಿಕ್ಷಕರು. 'ಪಾಸ್ಟ್' ಎಂದು ಉಚ್ಚರಿಸಬೇಕಾದ ಭೂತಕಾಲದ ಕ್ರಿಯಾಪದವನ್ನು ಮಗು 'ಪಾಸ್' ಎಂದು ಓದಿತೆನ್ನಿ. ಅದು ಭೂತಕಾಲವನ್ನು ಗ್ರಹಿಸಿಲ್ಲವೇ, ಅಥವಾ ಗ್ರಹಿಸಿಯೂ ತನ್ನ ಧ್ವನಿನಿಯಮದಂತೆ ಕೊನೆಯ ವ್ಯಂಜನವನ್ನು ಬಿಟ್ಟಿತೇ? ಮೊದಲನೆಯದಾದರೆ ಓದು ಕಲಿಸಬೇಕು; ಎರಡನೆಯದಾದರೆ ಮಗುವನ್ನು ತಡೆಯದೆ ಮುಂದಿನ ಸಾಲಿಗೆ ಹೋಗಲು ಬಿಡಬೇಕು.