ನೋಡಲು ಮಾತ್ರ ಒಂದು ನದಿ

ಅಹ್ಮದಾಬಾದಿಗೆ ಹೋದವರನ್ನು ಅಲ್ಲಿನ ಗೆಳೆಯರು ಹಗಲು ಸೀದಿ ಸೈಯದ್ ಮಸೀದಿಯ ಕಲ್ಲಿನ ಜಾಲಿ ತೋರಿಸಲು ಒಯ್ಯುತ್ತಾರೆ, ಸಂಜೆ ಸಾಬರಮತಿಯ ದಂಡೆಗೆ. ನಮಗೂ ಹಾಗೆಯೇ ಆಯಿತು. 1892ರ ಎಲ್ಲಿಸ್ ಸೇತುವೆಯ ಬಳಿ ಮೆಟ್ಟಿಲಿಳಿದು ನೀರಿನಂಚಿಗೆ ಬಂದಾಗ ನಿಜಕ್ಕೂ ಖುಷಿಯಾಯಿತು. ಬುರ್ಖಾ ತೊಟ್ಟ ಅಜ್ಜಿಯೊಬ್ಬರು ಮೊಮ್ಮಗನ ಸೈಕಲ್ಲಿನ ಹಿಂದೆ ಓಡುತ್ತಿದ್ದರು. ಕಾಲೇಜು ಹುಡುಗಿಯರು ಯಾರ ಅಂಜಿಕೆಯೂ ಇಲ್ಲದೆ ಹರಟುತ್ತಾ ಕುಳಿತಿದ್ದರು. ಹಳೆ ಪೇಟೆಯ ಇಕ್ಕಟ್ಟಿನ ಓಣಿಗಳಿಂದ ಬಂದವರಿಗೆ ಇಷ್ಟು ಆಕಾಶ ಸಿಗುವುದು ಸಣ್ಣ ಮಾತಲ್ಲ. ಟೀಕೆಗೆ ಮೊದಲು ಇದನ್ನು ಹೇಳದಿದ್ದರೆ ಅನ್ಯಾಯವಾದೀತು.

2012ರಲ್ಲಿ ಜನರಿಗೆ ತೆರೆದ ಈ ಹಾದಿ ವಾಸ್ತುಶಿಲ್ಪಿ ಬಿಮಲ್ ಪಟೇಲರ ಸಂಸ್ಥೆಯ ವಿನ್ಯಾಸ. ಒಂದೊಂದು ದಂಡೆಯಲ್ಲೂ ಹನ್ನೊಂದು ಕಿಲೋಮೀಟರಿಗೂ ಹೆಚ್ಚು ಉದ್ದ. ಕಲ್ಲುಹಾಸು ಚೊಕ್ಕಟ, ಕೂರಲು ಕಟ್ಟೆ, ದೂರದಲ್ಲಿ 2022ರಲ್ಲಿ ಸೇರಿಕೊಂಡ ಬಣ್ಣಬಣ್ಣದ ಅಟಲ್ ಸೇತುವೆ. ಅದರ ಮೇಲೆ ನಡೆಯಲು ಟಿಕೆಟ್ ಕೊಳ್ಳಬೇಕು.

ಹಾಗಾದರೆ ನಮ್ಮ ತಕರಾರೇನು? ಸಾಬರಮತಿ ಮಳೆಗಾಲದ ನದಿ. ವರ್ಷದ ಬಹುಪಾಲು ಅದು ಮರಳು, ನಡುವೆ ಒಂದು ತೆಳು ಹರಿವು. ಆ ಮರಳಿನಲ್ಲಿ ಜನ ತರಕಾರಿ ಬೆಳೆಯುತ್ತಿದ್ದರು, ಬಟ್ಟೆ ಒಗೆಯುತ್ತಿದ್ದರು, ಸರ್ಕಸ್ಸಿನ ಡೇರೆಯೂ ಏಳುತ್ತಿತ್ತು. ಈಗ ಎರಡೂ ಕಡೆ ಕಾಂಕ್ರೀಟ್ ಗೋಡೆ ಎಬ್ಬಿಸಿ ನದಿಯ ಅಗಲವನ್ನು ಉದ್ದಕ್ಕೂ 263 ಮೀಟರಿಗೆ ಗೆರೆ ಕೊರೆದಂತೆ ನಿಲ್ಲಿಸಲಾಗಿದೆ. ನಾವು ನೋಡಿ ಮೆಚ್ಚಿದ ನೀರು ಬಹುಮಟ್ಟಿಗೆ ನರ್ಮದಾ ಕಾಲುವೆಯದು. ಕೆಳಗಡೆ ವಾಸಣಾದ ಬ್ಯಾರೇಜು ಅದನ್ನು ಹಿಡಿದಿಟ್ಟಿದೆ. ಆ ಬ್ಯಾರೇಜಿನಾಚೆ ಹರಿಯುವುದು ಚರಂಡಿ ಮತ್ತು ಕಾರ್ಖಾನೆಗಳ ಹೊಲಸು. 2021ರಲ್ಲಿ ಗುಜರಾತ್ ಹೈಕೋರ್ಟ್ ತಾನಾಗಿಯೇ ಈ ಪ್ರಕರಣ ಕೈಗೆತ್ತಿಕೊಳ್ಳಬೇಕಾಯಿತು. ನಮ್ಮ ಗೆಳೆಯರ ನಡಿಗೆ ಮಾತ್ರ ಅದಕ್ಕಿಂತ ಎಷ್ಟೋ ಮೊದಲೇ ಮುಗಿದುಹೋಯಿತು. "ಅಲ್ಲಿ ನೋಡುವಂಥದ್ದೇನಿದೆ ಸಾಹೇಬ್?" ಎಂದರು.

ಕಥೆ ಬರೆಯುವ ನಮಗೆ ಒಂದು ಚಟ: ಹಾಳೆಯಿಂದ ಹೊಡೆದುಹಾಕಿದ ಸಾಲುಗಳನ್ನೇ ಓದುವುದು. ಈ ದಂಡೆಯಲ್ಲಿ ಹೊಡೆದುಹಾಕಿದ್ದು ಹತ್ತು ಸಾವಿರಕ್ಕೂ ಹೆಚ್ಚು ಕುಟುಂಬಗಳನ್ನು. ಬಡ ಮುಸ್ಲಿಮರು, ದಲಿತರು, ಮನೆಗೆಲಸದವರು, ಕೈಗಾಡಿಯವರು. ಅವರ ಬದುಕು ಸ್ವರ್ಗವಾಗಿತ್ತೆಂದು ಹೇಳಲಾರೆವು. ಪ್ರವಾಹ ಬಂದಾಗ ಪಾತ್ರೆ ಪಗಡೆಯೂ ಉಳಿಯುತ್ತಿರಲಿಲ್ಲ. ಆದರೆ ಕೆಲಸ ನಡೆದುಹೋಗುವಷ್ಟು ಹತ್ತಿರವಿತ್ತು. 2005ರಲ್ಲಿ ಅವರು ಹೈಕೋರ್ಟಿನ ಮೆಟ್ಟಿಲೇರಿದ್ದರಿಂದ ಅನೇಕರಿಗೆ ಬದಲಿ ಮನೆಗಳೇನೋ ದಕ್ಕಿದವು. ಎಲ್ಲಿ? ವಟವಾ, ಓಢವ್‌ನಂಥ ನಗರದಂಚಿನಲ್ಲಿ. ದಿನಗೂಲಿಯಲ್ಲಿ ಬಸ್ಸು, ಆಟೋಗೆ ಎಷ್ಟು ತೆಗೆದಿಡುವುದು? ಅಷ್ಟುದ್ದದ ಹಾದಿಯಲ್ಲಿ ಅವರು ಇಲ್ಲಿದ್ದರೆಂದು ಹೇಳುವ ಒಂದು ಫಲಕವೂ ನಮ್ಮ ಕಣ್ಣಿಗೆ ಬೀಳಲಿಲ್ಲ.

ಮರುದಿನ ಭಾನುವಾರ ಗುಜರಿ ಬಜಾರಿಗೆ ಹೋದೆವು. ಊರು ಕಟ್ಟಿದ ಸುಲ್ತಾನ್ ಅಹ್ಮದ್ ಶಾಹನ ಕಾಲದಿಂದಲೂ ನಡೆದುಬಂದಿದೆಯೆಂದು ಜನ ಹೇಳುವ ಸಂತೆ ಇದು. ಇದನ್ನೂ ಎಬ್ಬಿಸುವ ಮಾತಿತ್ತು, ವ್ಯಾಪಾರಿಗಳು ಸುಮ್ಮನಿರಲಿಲ್ಲ. 2014ರಿಂದ ನದಿದಂಡೆಯಲ್ಲೇ ಹೊಸ ಕಟ್ಟೆಗಳ ಮೇಲೆ ನಡೆಯುತ್ತಿದೆ. ಹಳೆ ಬೀಗ, ಮಂಚದ ಕಾಲು, ಆಡು, ಕೋಳಿ, ರದ್ದಿ ಪುಸ್ತಕ. ನೆಲದ ಮೇಲೆ ಹರಡಿದ್ದ ಉರ್ದು ಪುಸ್ತಕಗಳಲ್ಲಿ ಒಂದು ಹರಿದ ಕಾಯಿದೆ ಆರಿಸಿಕೊಂಡು, ನಿಮ್ಮ ಮನೆ ಎಲ್ಲಿ ಚಾಚಾ ಎಂದು ಕೇಳಿದೆವು. "ಈಗ ವಟವಾ" ಎಂದರು ಮುದುಕರು. ಮೊದಲೆಲ್ಲಿತ್ತು ಎಂದಾಗ ಮಾತಾಡಲಿಲ್ಲ. ಬೆನ್ನ ಹಿಂದಿನ ಕಲ್ಲುಹಾಸಿನತ್ತ ಹೆಬ್ಬೆರಳು ತೋರಿಸಿ, ಪುಸ್ತಕಕ್ಕೆ ಇಪ್ಪತ್ತು ರೂಪಾಯಿ ಕೇಳಿದರು.