ಎದುರುಬಯಕೆಯ ಚಿಕಿತ್ಸೆ: ಗಿರೀಂದ್ರಶೇಖರ ಬೋಸರ ಮನೋವಿಶ್ಲೇಷಣೆ

ಗಿರೀಂದ್ರಶೇಖರ ಬೋಸ್ (1887–1953) ಕಲ್ಕತ್ತೆಯಲ್ಲಿ ರೂಪಿಸಿದ ಮಾತಿನ ಚಿಕಿತ್ಸೆ ಒಂದು ಸರಳ ತತ್ತ್ವದ ಮೇಲೆ ನಿಂತಿದೆ. ಮನುಷ್ಯನ ಪ್ರತಿಯೊಂದು ಬಯಕೆಯೂ ತನಗೆ ಎದುರಾದ ಇನ್ನೊಂದು ಬಯಕೆಯನ್ನು ಜೊತೆಗಿಟ್ಟುಕೊಂಡೇ ಹುಟ್ಟುತ್ತದೆ ಎಂಬುದೇ ಆ ತತ್ತ್ವ. ಹೊಡೆಯುವ ಆಸೆಯ ಬೆನ್ನಿಗೆ ಹೊಡೆಸಿಕೊಳ್ಳುವ ಆಸೆಯಿರುತ್ತದೆ, ನೋಡುವ ಆಸೆಯ ಬೆನ್ನಿಗೆ ನೋಡಿಸಿಕೊಳ್ಳುವ ಆಸೆ. ಎರಡೂ ಏಕಕಾಲಕ್ಕೆ ಈಡೇರುವಂತಿಲ್ಲ. ಒಂದು ಮೇಲೆದ್ದರೆ ಇನ್ನೊಂದು ಸುಪ್ತ ಮನಸ್ಸಿನಲ್ಲಿ ಉಳಿದು, ವೇಷ ಮರೆಸಿಕೊಂಡು ರೋಗಲಕ್ಷಣವಾಗಿ ಹೊರಬರುತ್ತದೆ. ರೋಗಿ ಅದನ್ನು ಗುರುತಿಸಿ ತನ್ನದೆಂದು ಒಪ್ಪಿಕೊಂಡಾಗ ಲಕ್ಷಣ ಸಡಿಲಗೊಳ್ಳುತ್ತದೆ ಎಂದು ಬೋಸ್ ನಂಬಿದ್ದರು.

ಬೋಸ್ 1910ರಲ್ಲಿ ಕಲ್ಕತ್ತೆಯಲ್ಲಿ ವೈದ್ಯಪದವಿ ಪಡೆದರು. ಸಂಮೋಹನ ವಿದ್ಯೆಯಲ್ಲಿ ಅವರಿಗೆ ಎಳೆಯ ವಯಸ್ಸಿನಿಂದಲೇ ಆಸಕ್ತಿ. ಬಯಕೆಗಳ ದಮನವನ್ನು ಕುರಿತ ಪ್ರಬಂಧಕ್ಕೆ 1921ರಲ್ಲಿ ಡಾಕ್ಟರೇಟ್ ದೊರೆಯಿತು. ಅದನ್ನು ವಿಯೆನ್ನಾದಲ್ಲಿದ್ದ ಮನೋವಿಶ್ಲೇಷಣೆಯ ಸ್ಥಾಪಕ ಫ್ರಾಯ್ಡ್‌ಗೆ ಕಳಿಸಿದಾಗ ಶುರುವಾದ ಪತ್ರವ್ಯವಹಾರ 1930ರ ದಶಕದವರೆಗೂ ನಡೆಯಿತು. 1922ರಲ್ಲಿ ಪಾರ್ಸಿಬಗಾನ್ ಲೇನಿನ ಅವರ ಮನೆಯಲ್ಲೇ ಭಾರತೀಯ ಮನೋವಿಶ್ಲೇಷಣಾ ಸಂಘ ಹುಟ್ಟಿತು. ಆದರೆ ಬೋಸ್ ಫ್ರಾಯ್ಡ್‌ರನ್ನು ಎಂದೂ ಮುಖತಃ ಕಾಣಲಿಲ್ಲ. ವಿಶ್ಲೇಷಕನಾಗುವವನು ಮೊದಲು ತಾನೇ ವಿಶ್ಲೇಷಣೆಗೆ ಒಳಗಾಗಬೇಕೆಂಬ ಕಟ್ಟಳೆ ಯೂರೋಪಿನಲ್ಲಿ ಬಿಗಿಯಾಗುತ್ತಿದ್ದ ಕಾಲದಲ್ಲಿ, ಅಂಥ ಯಾವ ತರಬೇತಿಯೂ ಇಲ್ಲದೆ ಅವರು ಓದಿನಿಂದ, ರೋಗಿಗಳ ಒಡನಾಟದಿಂದ ಈ ವಿದ್ಯೆಯನ್ನು ಕಲಿತರು. ಅವರ ವಿಧಾನದ ಸ್ವಂತಿಕೆಗೂ ಅದರ ದೊಡ್ಡ ಕೊರತೆಗೂ ಈ ಏಕಾಂಗಿ ಕಲಿಕೆಯೇ ಮೂಲ.

ಫ್ರಾಯ್ಡ್‌ರ ಪ್ರಕಾರ ಬಯಕೆಯನ್ನು ಅದುಮುವುದು ಭಯ: ಅಪ್ಪನ ದಂಡನೆಯ ಭಯ, ಆಮೇಲೆ ಅದೇ ಭಯ ಒಳಗಿಳಿದು ಆಗುವ ಕಾವಲು. ಬೋಸರಿಗೆ ಈ ಕಾವಲುಗಾರ ಬೇಕಾಗಲಿಲ್ಲ. ಬಯಕೆಯನ್ನು ತಡೆಯುವುದು ಅದರ ಜೋಡಿ ಬಯಕೆಯೇ. ಗಂಡುಮಗುವಿನ ಮುಖ್ಯ ಹೋರಾಟವೂ ಅವರ ಲೆಕ್ಕದಲ್ಲಿ ಗಂಡಾಗುವ ಆಸೆಗೂ ಹೆಣ್ಣಾಗುವ ಆಸೆಗೂ ನಡುವಿನದು. ಹೆಣ್ಣಾಗುವ ಈ ಆಸೆ ಯೂರೋಪಿನ ಗಂಡಸರಿಗಿಂತ ಭಾರತದ ಗಂಡಸರಲ್ಲಿ ಸುಲಭವಾಗಿ ಮೇಲೆ ಬರುತ್ತದೆ ಎಂದೂ ಅವರು ಫ್ರಾಯ್ಡ್‌ಗೆ ಬರೆದರು. ವಸಾಹತಿನ ವೈದ್ಯನೊಬ್ಬ ಶಾಸ್ತ್ರದ ಸ್ಥಾಪಕನಿಗೇ ಹೀಗೆ ಬರೆಯುವುದು ಆ ದಿನಗಳಲ್ಲಿ ಸಣ್ಣ ಮಾತಲ್ಲ. ಆದರೂ ಅವರ ಬಳಿ ಬರುತ್ತಿದ್ದವರಲ್ಲಿ ಹೆಚ್ಚಿನವರು ಓದುಬರಹ ಬಲ್ಲ ಬಂಗಾಳಿ ಮಧ್ಯಮವರ್ಗದವರು. ಅಷ್ಟರಿಂದ ಇಡೀ ಭಾರತದ ಗಂಡಸರ ಬಗ್ಗೆ ತೀರ್ಮಾನಿಸಿದ್ದು ಅವಸರವಾಯಿತು.

ಸಿದ್ಧಾಂತಕ್ಕಿಂತ ಹೆಚ್ಚು ಕುತೂಹಲ ಹುಟ್ಟಿಸುವುದು ಚಿಕಿತ್ಸೆಯ ಕ್ರಮ. ರೋಗಿ ಮನಸ್ಸಿಗೆ ಬಂದದ್ದನ್ನು ತಡೆಯಿಲ್ಲದೆ ಹೇಳುತ್ತಾ ಹೋಗುವುದು, ವಿಶ್ಲೇಷಕ ಮೌನವಾಗಿ ಕೇಳುತ್ತಾ ಸಮಯ ನೋಡಿ ಅರ್ಥ ಬಿಡಿಸುವುದು ಫ್ರಾಯ್ಡ್ ಪದ್ಧತಿ. ಬೋಸ್ ಅಷ್ಟಕ್ಕೆ ಸುಮ್ಮನಿರುತ್ತಿರಲಿಲ್ಲ. ಮಾತು ನಿಂತಲ್ಲಿ ರೋಗಿಗೆ ಒಂದು ಕಲ್ಪನೆಯನ್ನು ಕಟ್ಟಲು ಹೇಳುತ್ತಿದ್ದರು. ಎಲ್ಲರೂ ತನ್ನನ್ನು ಹೀಯಾಳಿಸುತ್ತಾರೆಂದು ಕೊರಗುವ ಒಬ್ಬನನ್ನು ಉದಾಹರಣೆಗೆ ಎಣಿಸಬಹುದು. ಅವನು ಮೊದಲು ತಾನೇ ಇನ್ನೊಬ್ಬನನ್ನು ಹೀಯಾಳಿಸುವಂತೆ ಕಲ್ಪಿಸಿಕೊಳ್ಳಬೇಕು. ಆಮೇಲೆ ಹೀಯಾಳಿಕೆಗೆ ಗುರಿಯಾದ ಆ ಇನ್ನೊಬ್ಬನಾಗಬೇಕು. ಮತ್ತೆ ಮೊದಲಿನ ಜಾಗಕ್ಕೆ ಮರಳಬೇಕು. ಮಕ್ಕಳ ಸೀ-ಸಾ ಹಲಗೆಯಂತೆ ಎರಡು ಬಯಕೆಗಳೂ ಸರದಿಯಲ್ಲಿ ಮೇಲೆ ಬಂದು ಹೋಗುತ್ತವೆ. ಹಾಗೆ ಆಡುತ್ತಾ ಆಡುತ್ತಾ ಎರಡರ ಬಿಗುವೂ ಇಳಿಯುತ್ತದೆ. ವಿಧಾನಕ್ಕೆ ಅವರು ಆ ಹಲಗೆಯ ಹೆಸರನ್ನೇ ಇಟ್ಟರು.

ಇದರ ಹಿಂದಿರುವ ತಿಳಿವಳಿಕೆ ಗಟ್ಟಿಯಾದದ್ದು. ನಿನ್ನ ಸಿಟ್ಟಿನ ಹಿಂದೆ ಹೀಗೊಂದು ಆಸೆಯಿದೆ ಎಂದು ವೈದ್ಯ ಹೇಳಿದರೆ ರೋಗಿ ತಲೆಯಾಡಿಸಬಹುದು, ಅದನ್ನು ನಾಲ್ಕು ಜನರಿಗೆ ವಿವರಿಸಲೂಬಹುದು. ಹಳೆಯ ನಡವಳಿಕೆ ಮಾತ್ರ ಹಾಗೇ ಇರುತ್ತದೆ. ಒಳನೋಟವನ್ನು ನಂಬುವ ಎಲ್ಲ ಚಿಕಿತ್ಸೆಗಳೂ ಎಡವುವ ಜಾಗವಿದು. ಎದುರಿಗಿರುವವನ ಜಾಗದಲ್ಲಿ ನಿಂತು ಅನುಭವಿಸಿದಾಗಷ್ಟೇ ತಿಳಿವಳಿಕೆ ಮೈಗೂಡುತ್ತದೆ ಎಂಬುದು ಬೋಸರ ಉತ್ತರ. ಅನುಕಂಪವನ್ನೂ ಅಂತಃಸಾಕ್ಷಿಯನ್ನೂ ಅವರು ಇದೇ ಜಾಗ ಬದಲಾವಣೆಯಿಂದ ವಿವರಿಸಿದರು.

ಆಕ್ಷೇಪವಿರುವುದು ಬೇರೆ ಕಡೆ. ಪ್ರತಿ ಬಯಕೆಗೂ ಎದುರುಬಯಕೆ ಇದ್ದೇ ಇರುತ್ತದೆಂದು ಮೊದಲೇ ಗೊತ್ತಿರುವ ವೈದ್ಯನಿಗೆ ರೋಗಿ ಏನು ಹೇಳಿದರೂ ಅದು ಸಾಕ್ಷಿಯಾಗುತ್ತದೆ. ಎದುರುಬಯಕೆ ಕಾಣಿಸಿದರೆ ಸಿದ್ಧಾಂತ ನಿಜ. ಕಾಣಿಸದಿದ್ದರೆ ಅದು ಇನ್ನೂ ಆಳದಲ್ಲಿದೆ. ಹೀಗಾದರೆ ಸಿದ್ಧಾಂತ ಎಲ್ಲಿ ಸುಳ್ಳಾಗಬಹುದೆಂದು ಪರೀಕ್ಷಿಸಲು ದಾರಿಯೇ ಉಳಿಯುವುದಿಲ್ಲ. ವಿರುದ್ಧ ಬಯಕೆಗಳ ಜೋಡಿಗಳಿರುವುದನ್ನು ಫ್ರಾಯ್ಡ್ ಅಲ್ಲಗಳೆಯಲಿಲ್ಲ. ಬೋಸರ ಸಿದ್ಧಾಂತ ಬಯಕೆಗಳ ಆಕಾರವನ್ನು ಹೇಳುತ್ತದೆಯೇ ಹೊರತು ಅವುಗಳನ್ನು ನಡೆಸುವ ಬಲವನ್ನಲ್ಲ ಎಂಬುದು ಫ್ರಾಯ್ಡ್‌ರ ಅನುಮಾನವಾಗಿತ್ತು. ಆ ಅನುಮಾನದಲ್ಲಿ ಹುರುಳಿದೆ. ಇಬ್ಬರಲ್ಲಿ ಒಂದೇ ಬಯಕೆಯಿದ್ದರೂ ಒಬ್ಬನು ಮಾತ್ರ ಕಾಯಿಲೆ ಬೀಳುವುದೇಕೆ ಎಂಬುದನ್ನು ಸೀ-ಸಾ ವಿವರಿಸುವುದಿಲ್ಲ.

ವೈದ್ಯ–ರೋಗಿ ಸಂಬಂಧದ ವಿಚಾರದಲ್ಲಂತೂ ಕೊರತೆ ಎದ್ದು ಕಾಣುತ್ತದೆ. ರೋಗಿಯು ಅಪ್ಪ–ಅಮ್ಮನ ಮೇಲಿನ ಹಳೆಯ ಭಾವಗಳನ್ನು ವೈದ್ಯನ ಮೇಲೆ ಹೊರಿಸುವುದನ್ನು ಫ್ರಾಯ್ಡ್ ಪರಂಪರೆ ಚಿಕಿತ್ಸೆಯ ಮುಖ್ಯ ಸಾಮಗ್ರಿಯಾಗಿ ಬಳಸಿತು. ಬೋಸರ ಬರಹದಲ್ಲಿ ಅದಕ್ಕೆ ಸಿಕ್ಕ ಜಾಗ ಕಡಿಮೆ. ಏನನ್ನು ಕಲ್ಪಿಸಿಕೊಳ್ಳಬೇಕೆಂದು ಅವರೇ ನಿರ್ದೇಶಿಸುತ್ತಿದ್ದರು. ಅಲ್ಲಿ ಗುರುವಿನ ಮುಂದೆ ಕುಳಿತ ಶಿಷ್ಯನ ವಿಧೇಯತೆ ಸುಲಭವಾಗಿ ಸೇರಿಕೊಳ್ಳುತ್ತದೆ. ರೋಗಿ ಕಂಡುಕೊಂಡದ್ದು ತನ್ನ ಮನಸ್ಸನ್ನೋ, ಗುರುವನ್ನು ಮೆಚ್ಚಿಸುವ ಉತ್ತರವನ್ನೋ? ತಾವೇ ಎಂದೂ ರೋಗಿಯ ಜಾಗದಲ್ಲಿ ಕುಳಿತಿರದ ಬೋಸರನ್ನು ಈ ಪ್ರಶ್ನೆ ಅಷ್ಟಾಗಿ ಕಾಡಿದಂತಿಲ್ಲ. ಜಾಗ ಬದಲಿಸುವುದನ್ನೇ ಚಿಕಿತ್ಸೆಯಾಗಿಸಿದವರ ವಿಷಯದಲ್ಲಿ ಇದು ವಿಚಿತ್ರವೇ ಸರಿ.

ಬೋಸ್ ಕಟ್ಟಿದ ಸಂಸ್ಥೆಗಳು ಅವರ ನಂತರವೂ ಉಳಿದವು: 1940ರಲ್ಲಿ ಲುಂಬಿನಿ ಪಾರ್ಕ್ ಮಾನಸಿಕ ಆಸ್ಪತ್ರೆ, 1947ರಲ್ಲಿ ‘ಸಮೀಕ್ಷಾ’ ಪತ್ರಿಕೆ. ಸೀ-ಸಾ ವಿಧಾನಕ್ಕೆ ಮಾತ್ರ ಗಟ್ಟಿ ವಾರಸುದಾರರು ಸಿಗಲಿಲ್ಲ. ಚಿಂತಕ ಆಶೀಶ್ ನಂದಿ, ಮನೋವಿಶ್ಲೇಷಕ ಸುಧೀರ್ ಕಾಕರ್ ಮುಂತಾದವರು ಬೋಸರನ್ನು ಮತ್ತೆ ಚರ್ಚೆಗೆ ತಂದರೂ, ಅವರ ಕುತೂಹಲ ಚಿಕಿತ್ಸೆಯ ಕ್ರಮಕ್ಕಿಂತ ವಸಾಹತು ಮತ್ತು ಸಂಸ್ಕೃತಿಯ ಪ್ರಶ್ನೆಗಳ ಕಡೆಗೇ ಹೆಚ್ಚು. ಇತ್ತ ಪಶ್ಚಿಮದಲ್ಲಿ ಮನೋಚಿಕಿತ್ಸಕ ಮೊರೆನೊ ತಮ್ಮ ಮನೋನಾಟಕದಲ್ಲಿ ಪಾತ್ರ ಅದಲುಬದಲು ಮಾಡಿಸಿದರು. ಇನ್ನೊಬ್ಬ ಮನೋಚಿಕಿತ್ಸಕ ಪರ್ಲ್ಸ್ ಖಾಲಿ ಕುರ್ಚಿಯ ಮುಂದೆ ಕೂರಿಸಿ ಎರಡೂ ಕಡೆಯ ಮಾತನ್ನು ರೋಗಿಯಿಂದಲೇ ಆಡಿಸಿದರು. ಇಂದು ಆಪ್ತಸಮಾಲೋಚಕರು ಬಳಸುವ ಈ ಅಭ್ಯಾಸಗಳು ಬೋಸರ ವಿಧಾನಕ್ಕೆ ಬಹಳ ಹತ್ತಿರದವು. ಒಂದು ವ್ಯತ್ಯಾಸ ಮಾತ್ರ ಮುಖ್ಯವಾದದ್ದು: ಎದುರಿನ ಕುರ್ಚಿಯಿಂದ ಯಾವ ಮಾತು ಬರಬೇಕೆಂದು ಅಲ್ಲಿ ಚಿಕಿತ್ಸಕ ಮೊದಲೇ ತೀರ್ಮಾನಿಸಿರುವುದಿಲ್ಲ.