ಆಟಗಾರನ ಮನೋವಿಶ್ರಾಂತಿಯೂ ಲೋಕನಿಂದೆಯೂ

೧

ಹೆಸರಾಂತ ಆಟಗಾರನೊಬ್ಬನು ಮೊಣಕಾಲಿನ ನೋವೆಂದು ತಂಡದಿಂದ ಹಿಂದೆಗೆದರೆ ನಮ್ಮ ಜನ ಮರುಗುತ್ತಾರೆ. ಮನಸ್ಸಿನ ದಣಿವೆಂದು ಹಿಂದೆಗೆದರೆ ಮೂದಲಿಸುತ್ತಾರೆ. ಈ ಎರಡು ನಡೆಗಳ ನಡುವಣ ಅಂತರಕ್ಕೆ ಕಾರಣವೇನು, ಆ ಮೂದಲಿಕೆಗೆ ನ್ಯಾಯದ ಬೆಂಬಲವೆಷ್ಟು ಎಂಬುದನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ. ಕ್ರೀಡೆಯ ಮಾತು ಸಂಶೋಧನ ಪತ್ರಿಕೆಯಲ್ಲೇಕೆ ಎಂದು ಕೆಲವರು ವಾಚಕರು ಕೇಳಬಹುದು. ನಿಂದೆಯೂ ಭಾಷೆಯ ಒಂದು ವ್ಯಾಪಾರವೇ ಆಗಿದೆ. ಅದಕ್ಕೆ ತನ್ನದೇ ಆದ ಪದಸಂಪತ್ತುಂಟು, ಪರಂಪರೆಯುಂಟು, ನಮ್ಮ ಕಾವ್ಯಗಳಲ್ಲಿ ಅದಕ್ಕೆ ಪೂರ್ವನಿದರ್ಶನಗಳೂ ಉಂಟು. ಆದುದರಿಂದ ಅದು ವಿಮರ್ಶಕನ ಕಕ್ಷೆಗೆ ಹೊರಗಾದ ವಿಷಯವಲ್ಲ.

ಮೊದಲು ಪದಗಳನ್ನೇ ನೋಡೋಣ. ‘ಮೈಗೆ ಹುಷಾರಿಲ್ಲ’ ಎಂದರೆ ಕೇಳಿದವರು ಕಷಾಯದ ಮಾತೆತ್ತುತ್ತಾರೆ. ಮನಸ್ಸಿಗೆ ಹುಷಾರಿಲ್ಲವೆನ್ನಲು ನಮ್ಮ ಆಡುಮಾತಿನಲ್ಲಿ ಅಂತಹ ಸರಳವಾದ ನುಡಿಯಿಲ್ಲ. ‘ಬೇಸರ’ವೆಂಬುದು ತೀರ ಹಗುರವಾದ ಮಾತು, ಸಂಜೆಯ ಮಳೆಗೂ ಅದು ಸಲ್ಲುತ್ತದೆ. ‘ಖಿನ್ನತೆ’ ಪುಸ್ತಕದ ಮಾತು. ‘ತಲೆ ಕೆಟ್ಟಿದೆ’ ಎಂಬುದು ಬೈಗುಳ. ಉತ್ತರ ಕರ್ನಾಟಕದವರು ‘ಧಾರವಾಡಕ್ಕ ಕಳಸಬೇಕು’ ಎನ್ನುವರು, ಬೆಂಗಳೂರಿನವರು ‘ನಿಮ್ಹಾನ್ಸಿಗೆ ಸೇರಿಸಬೇಕು’ ಎನ್ನುವರು, ಕೋಥರೂಡದ ನಾವು ನೆರೆಯವರಿಂದ ಕಲಿತು ‘ಯೆರವಡೆ’ಯ ಹೆಸರೆತ್ತುವೆವು. ಮೂರು ಊರುಗಳ ಚಿಕಿತ್ಸಾಲಯಗಳು ಮೂರು ಊರುಗಳಲ್ಲಿಯೂ ಪರಿಹಾಸ್ಯದ ನುಡಿಗಟ್ಟುಗಳಾಗಿವೆ. ಹೃದ್ರೋಗಿಯನ್ನು ‘ಜಯದೇವಕ್ಕೆ ಸೇರಿಸಬೇಕು’ ಎಂದು ಹಂಗಿಸಿದವರನ್ನು ಯಾರೂ ಕಂಡಿರಲಾರರು. ೧೯೫೪ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯೂ ೧೯೭೪ರಲ್ಲಿ ಅದರಿಂದ ನಿಮ್ಹಾನ್ಸೂ ರೂಪುಗೊಂಡು ದೇಶಕ್ಕೇ ಮಾದರಿಯಾದ ನಾಡಿನಲ್ಲಿ ಭಾಷೆಯ ಸ್ಥಿತಿ ಇದು.

ಇದರ ಪರಿಣಾಮವು ಗಮನಾರ್ಹವಾಗಿದೆ. ತೀರ ಹಗುರವಾದ ಮಾತಿಗೂ ತೀರ ಅವಮಾನಕರವಾದ ಮಾತಿಗೂ ನಡುವೆ ಹಿಡಿಯಲು ಪದವೇ ಇಲ್ಲದ ಆಟಗಾರನು ‘ವೈಯಕ್ತಿಕ ಕಾರಣ’ವೆಂಬ ಕಚೇರಿಯ ನುಡಿಯನ್ನು ಮರೆಮಾಡಿಕೊಳ್ಳುತ್ತಾನೆ. ಆಗ ನಾವು, ಇವನು ಏನನ್ನೋ ಬಚ್ಚಿಡುತ್ತಿದ್ದಾನೆ ಎನ್ನುತ್ತೇವೆ.

೨

ಪ್ರಕೃತ ವಿಷಯಕ್ಕೆ ನಮ್ಮ ದೇಶದಲ್ಲಿ ಸಮೀಪದ ನಿದರ್ಶನವೆಂದರೆ ಶ್ರೀ ಈಶಾನ್ ಕಿಶನ್‌ರದು. ೨೦೨೩ರ ಡಿಸೆಂಬರಿನಲ್ಲಿ ದಕ್ಷಿಣ ಆಫ್ರಿಕದ ಟೆಸ್ಟ್ ಪಂದ್ಯಗಳಿಗೆ ಆಯ್ಕೆಯಾಗಿದ್ದ ಈ ತರುಣ ವಿಕೆಟ್‌ಕೀಪರರು ವೈಯಕ್ತಿಕ ಕಾರಣದಿಂದ ಬಿಡುಗಡೆ ಬೇಡಿದರೆಂದು ಕ್ರಿಕೆಟ್ ಮಂಡಳಿ ಪ್ರಕಟಿಸಿತು. ಮನಸ್ಸಿನ ದಣಿವೇ ಕಾರಣವೆಂದು ಪತ್ರಿಕೆಗಳು ಬರೆದವು. ಕೆಲವು ದಿನಗಳಲ್ಲಿಯೇ, ಅವರು ದುಬೈಯಲ್ಲಿ ಕಾಣಿಸಿಕೊಂಡರಂತೆ, ದೂರದರ್ಶನದ ರಸಪ್ರಶ್ನೆಯಲ್ಲಿ ನಗುತ್ತ ಕುಳಿತಿದ್ದರಂತೆ ಎಂಬ ಮಾತು ಹಬ್ಬಿತು. ನಗುವವನಿಗೆ ದಣಿವೆಲ್ಲಿಯದು ಎಂದು ಲೋಕ ಕೇಳಿತು. ೨೦೨೪ರ ಫೆಬ್ರುವರಿ ೨೮ರಂದು ಪ್ರಕಟವಾದ ವಾರ್ಷಿಕ ಕರಾರುಗಳ ಪಟ್ಟಿಯಲ್ಲಿ ಅವರ ಹೆಸರಿರಲಿಲ್ಲ. ಆ ವರ್ಷದ ಜುಲೈಯಲ್ಲಿ ಅವರು ಮಾತನಾಡಿದಾಗ, ಪ್ರಯಾಣದಿಂದ ದಣಿದಿದ್ದೆ, ಸ್ವಸ್ಥನಾಗಿರಲಿಲ್ಲ, ವಿರಾಮ ತೆಗೆದುಕೊಳ್ಳುವುದು ಸಹಜವೆಂದು ತಿಳಿದಿದ್ದೆ, ಮನೆಯವರ ಹೊರತು ಹೆಚ್ಚು ಜನಕ್ಕೆ ಅದು ಅರ್ಥವಾಗಲಿಲ್ಲ ಎಂಬ ಅಭಿಪ್ರಾಯ ಕೊಟ್ಟರು.

ಇದರ ಪಕ್ಕದಲ್ಲಿ ಕೊಡಗಿನ ಶ್ರೀ ರಾಬಿನ್ ಉತ್ತಪ್ಪನವರನ್ನು ನಿಲ್ಲಿಸಿ ನೋಡಬೇಕು. ೨೦೦೭ರಲ್ಲಿ ವಿಶ್ವಕಪ್ ಗೆದ್ದ ಇಪ್ಪತ್ತು ಓವರುಗಳ ತಂಡದಲ್ಲಿದ್ದ ಉತ್ತಪ್ಪನವರು, ೨೦೦೯ರಿಂದ ೨೦೧೧ರ ವರೆಗಿನ ಅವಧಿಯಲ್ಲಿ ತಾವು ಗಾಢವಾದ ಖಿನ್ನತೆಯಲ್ಲಿದ್ದುದನ್ನು, ಜೀವದ ಆಸೆಯನ್ನೇ ತೊರೆಯುವ ಅಂಚಿಗೆ ಹೋಗಿದ್ದುದನ್ನು ೨೦೨೦ರಲ್ಲಿ ಬಹಿರಂಗವಾಗಿ ಹೇಳಿದರು. ದಿನಚರಿ ಬರೆಯುತ್ತ ತಮ್ಮನ್ನು ತಾವೇ ಅರಿಯಲೆಳಸಿದುದನ್ನೂ ಇತರರ ನೆರವು ಪಡೆದುದನ್ನೂ ವಿವರಿಸಿದರು. ಖಿನ್ನತೆಯಿಂದ ಬಳಲಿದ್ದ ಇಂಗ್ಲೆಂಡಿನ ಗ್ರಹಾಂ ಥಾರ್ಪ್ ೨೦೨೪ರ ಆಗಸ್ಟಿನಲ್ಲಿ ತೀರಿಕೊಂಡಾಗ ಮತ್ತೊಮ್ಮೆ ಆ ಮಾತನ್ನಾಡಿದರು. ಬೆಂಗಳೂರನ್ನು ತನ್ನ ಎರಡನೆಯ ಊರಾಗಿಸಿಕೊಂಡ ಶ್ರೀ ವಿರಾಟ್ ಕೊಹ್ಲಿಯವರೂ ಹೀಗೆಯೇ, ೨೦೧೪ರ ಇಂಗ್ಲೆಂಡ್ ಪ್ರವಾಸದಲ್ಲಿ ತಮಗೆ ಖಿನ್ನತೆಯಿದ್ದುದನ್ನು ೨೦೨೧ರಲ್ಲಿ ಒಪ್ಪಿಕೊಂಡರು. ಆ ಪ್ರವಾಸದ ಹತ್ತು ಇನ್ನಿಂಗ್ಸುಗಳಲ್ಲಿ ಅವರ ಮೊತ್ತ ೧೩೪. ಇಬ್ಬರನ್ನೂ ಜನ ಧೈರ್ಯವಂತರೆಂದು ಕೊಂಡಾಡಿದರು. ಕೊಂಡಾಡಿದುದು ಯೋಗ್ಯವೇ ಆಯಿತು.

ಆದರೆ ಈ ಮೂರು ಪ್ರಸಂಗಗಳನ್ನು ಒಟ್ಟಿಗೆ ಇಟ್ಟಾಗ ಒಂದು ವ್ಯಾಕರಣಸೂತ್ರ ಗೋಚರಿಸುತ್ತದೆ. ‘ದಣಿದಿದ್ದೆ’ ಎಂದವನಿಗೆ ಮೆಚ್ಚುಗೆ. ‘ದಣಿದಿದ್ದೇನೆ’ ಎಂದವನಿಗೆ ನಿಂದೆ. ನೋವು ಭೂತಕಾಲದಲ್ಲಿದ್ದರೆ ಗುಣ, ವರ್ತಮಾನಕಾಲದಲ್ಲಿದ್ದರೆ ದೋಷ. ಒಂಬತ್ತು ವರ್ಷ ಬಾಯಿ ಮುಚ್ಚಿ ಸಹಿಸಿ, ಬದುಕಿ ಉಳಿದು, ಆಮೇಲೆ ಹೇಳಿದರೆ ಅದು ನಮಗೆ ಸ್ಫೂರ್ತಿದಾಯಕವಾದ ಕಥೆ. ನೆರವು ಬೇಕಾಗಿರುವ ದಿನವೇ ಹೇಳಿದರೆ ಅದು ನಮಗೆ ನೆಪ. ಈ ಸೂತ್ರದ ಕ್ರೌರ್ಯವೆಲ್ಲಿದೆಯೆಂದರೆ, ಬದುಕಿ ಉಳಿಯುವುದನ್ನು ಅದು ಖಂಡಿತವೆಂದು ಭಾವಿಸುತ್ತದೆ.

ಈ ದೋಷ ನಮ್ಮೊಬ್ಬರದೇ ಅಲ್ಲ. ೨೦೦೬ರಲ್ಲಿ ಭಾರತದ ಪ್ರವಾಸದಿಂದ ನಡುವೆಯೇ ಹಿಂತಿರುಗಿದ ಇಂಗ್ಲೆಂಡಿನ ಮಾರ್ಕಸ್ ಟ್ರೆಸ್ಕಾಥಿಕ್ ಮೊದಲು ಬೇರೆ ಕಾರಣಗಳನ್ನು ಮುಂದೊಡ್ಡಬೇಕಾಯಿತು. ಖಿನ್ನತೆಯ ಕಥೆ ೨೦೦೮ರ ಅವರ ಆತ್ಮಚರಿತ್ರೆಯಲ್ಲಿ ಬಂದಿತು. ೨೦೧೩ರಲ್ಲಿ ಜೊನಾಥನ್ ಟ್ರಾಟ್ ಆಸ್ಟ್ರೇಲಿಯದಿಂದ ಮರಳಿದಾಗ ಇಂಗ್ಲೆಂಡಿನ ಪೂರ್ವನಾಯಕ ಮೈಕೇಲ್ ವಾನ್ ಮುಂದಿನ ವರ್ಷ, ತಾವು ಮೋಸಹೋದಂತೆ ಭಾಸವಾಗುತ್ತದೆಂದು ಬರೆದರು. ೨೦೨೧ರ ಮೇ ತಿಂಗಳಲ್ಲಿ ಟೆನಿಸ್ ಆಟಗಾರ್ತಿ ನವೋಮಿ ಒಸಾಕಾ ಪತ್ರಿಕಾಗೋಷ್ಠಿಗಳಿಗೆ ಬರಲೊಲ್ಲೆನೆಂದುದಕ್ಕೆ ಹದಿನೈದು ಸಾವಿರ ಡಾಲರುಗಳ ದಂಡ ತೆತ್ತು, ಕಡೆಗೆ ಫ್ರೆಂಚ್ ಸ್ಪರ್ಧೆಯನ್ನೇ ತೊರೆದರು.

೩

ನಿಂದಕರ ಪಕ್ಷದಲ್ಲಿ ಯುಕ್ತಿಯೇ ಇಲ್ಲವೆಂದು ಹೇಳುವುದು ವಿಮರ್ಶೆಯಾಗಲಾರದು. ಅವರ ಆಕ್ಷೇಪಗಳು ಮುಖ್ಯವಾಗಿ ಮೂರು.

ಮೊದಲನೆಯದು, ಕರಾರು ಮಾಡಿಕೊಂಡವನು ತಂಡವನ್ನು ನಡುನೀರಿನಲ್ಲಿ ಕೈಬಿಡಬಾರದೆಂಬುದು. ಬ್ಯಾಂಕಿನ ವೃತ್ತಿಯಲ್ಲಿರುವ ನನಗೆ ಇಲ್ಲಿ ಒಂದು ಹೋಲಿಕೆ ತೋರುತ್ತದೆ. ಸೂಕ್ಷ್ಮ ಹೊಣೆಯ ಸ್ಥಾನಗಳಲ್ಲಿರುವ ನೌಕರರನ್ನು ವರ್ಷಕ್ಕೊಮ್ಮೆ, ಮುನ್ಸೂಚನೆ ಕೊಡದೆ, ಒಂದೇ ಸಮನೆ ೧೦ ಕೆಲಸದ ದಿನಗಳಿಗೆ ಕಡಿಮೆಯಿಲ್ಲದಂತೆ ಕಡ್ಡಾಯ ರಜೆಯ ಮೇಲೆ ಕಳುಹಿಸಬೇಕೆಂದು ರಿಸರ್ವ್ ಬ್ಯಾಂಕು ೨೦೨೧ರಲ್ಲಿ ಬ್ಯಾಂಕುಗಳಿಗೆ ವಿಧಿಸಿತು. ಇದರ ಉದ್ದೇಶ ವಿಶ್ರಾಂತಿಯಲ್ಲ, ವಂಚನೆಯ ಪತ್ತೆ. ಆದರೂ ಇದರ ಹಿಂದಿನ ತಿಳಿವು ನಮ್ಮ ವಿಷಯಕ್ಕೂ ಅನ್ವಯಿಸುತ್ತದೆ: ಒಬ್ಬನ ಎಡೆಬಿಡದ ಹಾಜರಿಯ ಮೇಲೆ ನಿಂತ ವ್ಯವಸ್ಥೆ ಆರೋಗ್ಯಕರವಾದುದಲ್ಲ. ಅಧಿಕಾರಿ ರಜೆ ಹೋದಾಗ ಮತ್ತೊಬ್ಬನು ಆ ಮೇಜಿಗೆ ಕೂರುತ್ತಾನೆ, ಲೆಕ್ಕ ನಡೆಯುತ್ತದೆ. ಕಿಶನ್‌ರ ಸ್ಥಾನಕ್ಕೆ ಶ್ರೀ ಕೆ. ಎಸ್. ಭರತ್ ಹೋದರು, ಸೆಂಚುರಿಯನ್ನಿನ ಪಂದ್ಯದಲ್ಲಿ ವಿಕೆಟ್ಟಿನ ಹಿಂದೆ ನಿಂತ ಕರ್ನಾಟಕದ ಶ್ರೀ ಕೆ. ಎಲ್. ರಾಹುಲ್ ೧೦೧ ಓಟಗಳನ್ನೂ ಗಳಿಸಿದರು. ಮುಂದಾಗಿ ತಿಳಿಸಿ ಹಿಂದೆಗೆದವನು ತಂಡಕ್ಕೆ ಬದಲಿಯೊಬ್ಬನನ್ನು ಹುಡುಕುವ ಅವಕಾಶವನ್ನಾದರೂ ಕೊಡುತ್ತಾನೆ. ಮುಚ್ಚಿಟ್ಟು ಆಡುವವನು ಅದನ್ನೂ ಕೊಡುವುದಿಲ್ಲ.

ಎರಡನೆಯದು, ಇದು ಸೋಗಾಗಿರಬಹುದೆಂಬ ಶಂಕೆ. ಆಗಿರಬಹುದು; ಸೊಂಟನೋವಿನ ಸೋಗೂ ಲೋಕದಲ್ಲಿಲ್ಲದಿಲ್ಲ. ಆದರೆ ಅದಕ್ಕೆ ವೈದ್ಯನ ಪರೀಕ್ಷೆಯುಂಟೇ ಹೊರತು ಬೀದಿಯ ತೀರ್ಪಿಲ್ಲ. ಮನಸ್ಸಿನ ತೊಡಕು ದೇಹದ ಅಪಾಯವೂ ಹೌದೆಂಬುದಕ್ಕೆ ಅಮೆರಿಕದ ಸಿಮೋನ್ ಬೈಲ್ಸ್ ನಿದರ್ಶನ. ೨೦೨೧ರ ಜುಲೈ ೨೭ರಂದು ಟೋಕಿಯೋ ಒಲಿಂಪಿಕ್ಸಿನಲ್ಲಿ ಒಂದೇ ನೆಗೆತದ ಅನಂತರ ಅವರು ತಂಡಸ್ಪರ್ಧೆಯಿಂದ ಹಿಂದೆಗೆದರು. ಗಾಳಿಯಲ್ಲಿ ತಿರುಗುವಾಗ ತನ್ನ ದೇಹ ಎಲ್ಲಿದೆಯೆಂಬ ಅರಿವೇ ತಪ್ಪಿಹೋಗುವ ತೊಡಕು ಅದು. ಹಾಗೆಯೇ ಮುಂದುವರಿದಿದ್ದರೆ ಕತ್ತು ಮುರಿಯುವ ಭಯವಿತ್ತು. ಅಂತಹವರನ್ನೂ ಸ್ವಾರ್ಥಿಯೆಂದು ಕರೆದ ಬಾಯಿಗಳು ಹಲವು. ನಮ್ಮ ದೇಶದ ಕಾನೂನು ಈ ವಿಷಯದಲ್ಲಿ ಜನಾಭಿಪ್ರಾಯಕ್ಕಿಂತ ಮುಂದಿದೆ. ೨೦೧೭ರ ಮಾನಸಿಕ ಆರೋಗ್ಯ ಕಾಯಿದೆಯ ೨೧ನೆಯ ಕಲಮು, ಚಿಕಿತ್ಸೆಯಲ್ಲಿ ಮನೋರೋಗಿಯನ್ನು ದೇಹರೋಗಿಗೆ ಸಮಾನವಾಗಿ ಕಾಣಬೇಕೆಂದೂ ವಿಮೆಗಾರರು ಎರಡಕ್ಕೂ ಒಂದೇ ಆಧಾರದ ಮೇಲೆ ವಿಮೆಯೊದಗಿಸಬೇಕೆಂದೂ ವಿಧಿಸುತ್ತದೆ.

ಮೂರನೆಯದು ಹೆಚ್ಚು ತೂಕದ ಆಕ್ಷೇಪ. ಕೋಟಿ ಎಣಿಸುವವನಿಗೆ ವಿರಾಮ, ನಮಗೇನು? ರಾತ್ರಿಪಾಳಿಯ ಕಾರ್ಮಿಕ, ಊರೂರು ಅಲೆಯುವ ಮಾರಾಟಗಾರ, ಬಾಣಂತಿತನ ಮುಗಿಯುವ ಮೊದಲೇ ದುಡಿಮೆಗೆ ಮರಳಿದ ಹೆಣ್ಣುಮಗಳು, ಇವರಿಗೆ ‘ಮನಸ್ಸು ದಣಿದಿದೆ’ ಎನ್ನುವ ಸೌಲಭ್ಯವೆಲ್ಲಿದೆ? ಈ ಪ್ರಶ್ನೆಯಲ್ಲಿರುವ ನೋವು ನಿಜವಾದುದು. ಆದರೆ ಅದು ಎತ್ತ ಕೈ ತೋರಿಸುತ್ತದೆಂಬುದನ್ನು ವಿಚಾರಿಸಬೇಕು. ನನಗಿಲ್ಲದ ರಜೆ ಅವನಿಗೂ ಬೇಡವೆಂಬುದರಿಂದ ಕಾರ್ಮಿಕನಿಗೆ ಒಂದು ದಿನವೂ ದೊರಕದು. ಎಲ್ಲರ ಕಣ್ಣಿಗೆ ಬೀಳುವವನೇ ನಾಚದೆ ಕೇಳಬಹುದಾದರೆ, ಕಣ್ಣಿಗೆ ಬೀಳದವನು ತನ್ನ ಮೇಲಧಿಕಾರಿಯ ಮುಂದೆ ಬಾಯಿ ತೆರೆಯುವುದು ಅಷ್ಟರ ಮಟ್ಟಿಗೆ ಸುಲಭವಾಗುತ್ತದೆ. ಕೀರ್ತಿವಂತನನ್ನು ಹಂಗಿಸಿದಾಗ ಆ ಮಾತು ಅವನಿಗೆ ತಲುಪುವುದೋ ಇಲ್ಲವೋ ಹೇಳಲಾಗದು. ನಮ್ಮ ಮನೆಯ ಮಗನಿಗೆ, ಪಕ್ಕದ ಮೇಜಿನ ಗುಮಾಸ್ತನಿಗೆ ಖಂಡಿತವಾಗಿ ತಲುಪುತ್ತದೆ.

ಇಲ್ಲಿ ಒಂದು ವಿವೇಚನೆ ಅಗತ್ಯ. ಅಂದು ತಂಡದ ಶಿಕ್ಷಕರಾಗಿದ್ದವರು ನಮ್ಮ ಬೆಂಗಳೂರಿನ ಶ್ರೀ ರಾಹುಲ್ ದ್ರಾವಿಡರು. ಕಿಶನ್ ವಿರಾಮ ಕೇಳಿದರು, ಸಂತೋಷದಿಂದ ಒಪ್ಪಿದೆವು ಎಂದು ಅವರು ಹೇಳಿದರು. ಮರಳಬೇಕಾದರೆ ಮತ್ತೆ ಆಡತೊಡಗಬೇಕೆಂದೂ ಹೇಳಿದರು. ಮಂಡಳಿಯೂ ದೇಶೀಯ ಪಂದ್ಯಗಳಿಗೆ ಆದ್ಯತೆ ಕೊಡಬೇಕೆಂದು ಆಟಗಾರರಿಗೆ ಸೂಚಿಸಿತ್ತು. ಮರಳುವ ಬಾಗಿಲು ಯಾವುದೆಂದು ಗೊತ್ತುಪಡಿಸುವ ಅಧಿಕಾರ ಆಯ್ಕೆಗಾರರಿಗುಂಟು. ಅದರ ಬಗ್ಗೆ ವಾದಿಸಬಹುದು. ಹೊರಗೆ ಹೋದವನ ಶೀಲದ ಮೇಲೆ ತೀರ್ಪು ಕೊಡುವ ಅಧಿಕಾರ ಬೇರೆ. ಲೋಕನಿಂದೆಯು ಇವೆರಡನ್ನೂ ಒಂದುಮಾಡಿತು.

೪

ಈಗ ಕಾವ್ಯಕ್ಕೆ ಬರೋಣ. ಹಿಂದೆಗೆದ ವೀರನನ್ನು ದಡದಲ್ಲಿ ನಿಂತು ಕೂಗಿ ಕರೆಯುವ ದೃಶ್ಯವನ್ನು ಕನ್ನಡದಲ್ಲಿ ರನ್ನನಿಗಿಂತ ಚೆನ್ನಾಗಿ ಯಾರೂ ಚಿತ್ರಿಸಿಲ್ಲ. ಮುದುವೊಳಲಿನ ಈ ಕವಿಯ ಗದಾಯುದ್ಧದಲ್ಲಿ ದುರ್ಯೋಧನನು ಸಂಜಯನೊಡನೆ ರಣರಂಗದ ಹೆಣಗಳ ನಡುವೆ ನಡೆದುಬರುತ್ತಾನೆ. ಗುರುವನ್ನು, ತಮ್ಮನನ್ನು, ಮಗನನ್ನು, ಕರ್ಣನನ್ನು ಕಂಡು ಒಬ್ಬೊಬ್ಬರಿಗಾಗಿ ಕರಗುತ್ತಾನೆ. ಅನಂತರ ಭೀಷ್ಮನ ಸಲಹೆಯಂತೆ ಒಂದು ದಿನದ ಮಟ್ಟಿಗೆ ವೈಶಂಪಾಯನ ಸರೋವರವನ್ನು ಹೊಗುತ್ತಾನೆ. ಕವಿಯ ಕ್ರಮವನ್ನು ಗಮನಿಸಬೇಕು: ಮೊದಲು ದುಃಖ, ಆಮೇಲೆ ಹಿರಿಯನ ಮಾತು, ಆಮೇಲೆ ನೀರು. ದಡದ ಮೇಲೆ ನಿಂತ ಭೀಮನಿಗೆ ಕಾಣುವುದು ಕೊನೆಯದೊಂದೇ. ಹಿಂದಿನ ಎರಡನ್ನೂ ಕವಿ ನಮಗೆ ತೋರಿಸಿರುವುದರಿಂದ ನಾವು ಭೀಮನ ಕಿವಿಯಿಂದಲೇ ಆ ಗರ್ಜನೆಯನ್ನು ಕೇಳಲಾರೆವು. ಗರ್ಜನೆ ಫಲಿಸುತ್ತದೆ. ಏಕೆಂದರೆ ಹೊರಗಿನವನು ಆಡುವ ಮೂದಲಿಕೆಯನ್ನು ಒಳಗಿನವನು ತನಗೆ ತಾನೇ ಮೊದಲೇ ಆಡಿಕೊಂಡಿದ್ದಾನೆ. ಹೊರಬಂದವನ ಗತಿಯೇನಾಯಿತೆಂಬುದು ಎಲ್ಲರಿಗೂ ತಿಳಿದುದೇ.

ಹೋಲಿಕೆಯನ್ನು ಹೆಚ್ಚು ಎಳೆಯಬಾರದು. ದುರ್ಯೋಧನನ ಅಪರಾಧಗಳು ದೊಡ್ಡವು. ದ್ರೌಪದಿಯ ಮಾನದ ಲೆಕ್ಕ ಭೀಮನ ಕೈಯಲ್ಲಿತ್ತು. ಅವನಿಗೆ ಕೂಗುವ ಹಕ್ಕಿತ್ತು. ಟಿಕೆಟ್ಟು ಕೊಂಡ ಪ್ರೇಕ್ಷಕನಿಗೆ ಆಟ ನೋಡುವ ಹಕ್ಕಿದೆ. ಭೀಮನ ಹಕ್ಕು ಅವನಿಗೆಲ್ಲಿಂದ ಬಂದೀತು?

ಇನ್ನೊಂದು ಮಾದರಿ ಕುಮಾರವ್ಯಾಸನ ಉತ್ತರಕುಮಾರ. ಅಂತಃಪುರದಲ್ಲಿ ಕೊಚ್ಚಿಕೊಂಡವನು ಕೌರವಸೇನೆಯನ್ನು ಕಂಡು ರಥದಿಂದ ಧುಮುಕಿ ಓಡುತ್ತಾನೆ. ಅವನ ಹೆಸರೇ ಇಂದಿಗೂ ನಮ್ಮಲ್ಲಿ ಬಡಾಯಿಗೆ ಪರ್ಯಾಯ. ಓದುಗನ ನಗು ಅಲ್ಲಿಗೇ ನಿಂತುಬಿಡುವುದರಿಂದ ಮುಂದಿನ ಭಾಗ ಮರೆಯಾಗಿದೆ. ಬೃಹನ್ನಳೆಯ ವೇಷದ ಅರ್ಜುನ ಅವನನ್ನು ಹಿಡಿದು ತಂದು, ಬಿಲ್ಲು ಹಿಡಿಯಲಾರದವನ ಕೈಗೆ ಕುದುರೆಯ ಹಗ್ಗವನ್ನು ಕೊಡುತ್ತಾನೆ. ಅದೇ ರಥ, ಅದೇ ಯುದ್ಧ. ಅವನು ಮಾಡಬಲ್ಲ ಕೆಲಸ. ಅಂದಿನ ಗೆಲವಿನಲ್ಲಿ ಉತ್ತರನಿಗೂ ಪಾಲುಂಟು. ತಾನೂ ಒಂದು ವರ್ಷ ಬಿಲ್ಲನ್ನು ಬನ್ನಿಯ ಮರದಲ್ಲಿ ಕಟ್ಟಿಟ್ಟು ಬಂದವನಾದುದರಿಂದಲೇ ಅರ್ಜುನನಿಗೆ ಈ ತಾಳ್ಮೆ ಬಂದಿತೆಂದು ನನ್ನ ಊಹೆ.

೫

೨೦೨೫ರ ಏಪ್ರಿಲಿನಲ್ಲಿ ಕಿಶನ್‌ರ ಹೆಸರು ಕರಾರಿನ ಪಟ್ಟಿಗೆ ಮರಳಿತು. ಅದೇ ಡಿಸೆಂಬರ್ ೧೮ರಂದು, ನಮ್ಮ ಪುಣೆಯ ಗಹುಂಜೆಯ ಮೈದಾನದಲ್ಲಿ, ಸೈಯದ್ ಮುಷ್ತಾಕ್ ಅಲಿ ಟ್ರೋಫಿಯ ಅಂತಿಮ ಪಂದ್ಯದಲ್ಲಿ ಝಾರ್ಖಂಡದ ನಾಯಕರಾಗಿ ಅವರು ೪೯ ಎಸೆತಗಳಲ್ಲಿ ೧೦೧ ಓಟ ಗಳಿಸಿ ತಮ್ಮ ರಾಜ್ಯಕ್ಕೆ ಆ ಪ್ರಶಸ್ತಿಯನ್ನು ಮೊದಲ ಬಾರಿಗೆ ತಂದುಕೊಟ್ಟರು. ಎರಡು ದಿನಗಳಲ್ಲಿ ವಿಶ್ವಕಪ್ಪಿನ ತಂಡಕ್ಕೂ ಆಯ್ಕೆಯಾದರು. ಎರಡು ವರ್ಷಗಳ ಹಿಂದೆ ಹಂಗಿಸಿದ ಲೋಕ ಚಪ್ಪಾಳೆ ತಟ್ಟಿತು. ಬೈಲ್ಸರೂ ೨೦೨೪ರಲ್ಲಿ ಪ್ಯಾರಿಸಿನಿಂದ ಮೂರು ಚಿನ್ನದ ಪದಕಗಳನ್ನು ತಂದರು.

ಇಂತಹ ಮರಳುವಿಕೆಗಳಿಂದ ಸಂತೋಷವಾಗುವುದು ಸಹಜ. ಆದರೂ ಅವುಗಳನ್ನು ನಮ್ಮ ವಾದಕ್ಕೆ ಸಾಕ್ಷ್ಯವಾಗಿ ನಿಲ್ಲಿಸುವುದು ಅಪಾಯಕರ. ಶತಕ ಹೊಡೆದುದರಿಂದ ಅಂದಿನ ರಜೆ ನ್ಯಾಯವಾಯಿತೆಂದರೆ, ಶೂನ್ಯಕ್ಕೆ ಔಟಾಗಿದ್ದರೆ ಅದು ಅನ್ಯಾಯವಾಗುತ್ತಿತ್ತೆಂದು ಒಪ್ಪಿದಂತಾಯಿತು. ವಿಶ್ರಾಂತಿಯನ್ನು ಸಾಲದಂತೆ ಕೊಟ್ಟು ಓಟಗಳಲ್ಲಿ ಬಡ್ಡಿಸಹಿತ ವಸೂಲಿ ಮಾಡುವ ಲೆಕ್ಕಾಚಾರವದು. ಮರಳಿ ಬಂದು ಸೋತವರು, ಮರಳಿ ಬಾರದೆ ಬೇರೆ ಬದುಕು ಕಟ್ಟಿಕೊಂಡವರು, ಇವರ ಹೆಸರುಗಳು ಪತ್ರಿಕೆಗಳಲ್ಲಿ ಬರುವುದಿಲ್ಲ. ಅವರು ಹಿಂದೆಗೆದ ದಿನ ಅವರ ದಣಿವು ನಿಜವಾಗಿತ್ತೇ ಎಂಬುದಷ್ಟೇ ಪ್ರಶ್ನೆ. ಆಮೇಲಿನ ಸ್ಕೋರು ಅದಕ್ಕೆ ಉತ್ತರವಾಗಲಾರದು. ದಣಿದವನು ‘ದಣಿದಿದ್ದೇನೆ’ ಎಂದು ವರ್ತಮಾನಕಾಲದಲ್ಲಿಯೇ ಹೇಳಬಹುದಾದ ಒಂದು ನುಡಿಯನ್ನು ನಮ್ಮ ಮನೆಗಳಲ್ಲಿ, ಕಚೇರಿಗಳಲ್ಲಿ, ಸಂಘಗಳಲ್ಲಿ ಬಳಕೆಗೆ ತರುವುದು ಕನ್ನಡಿಗರಾದ ನಮ್ಮ ಕೈಯಲ್ಲಿರುವ ಕೆಲಸ. ಅದಕ್ಕೆ ಮೊದಲು, ಆಸ್ಪತ್ರೆಗಳ ಹೆಸರುಗಳನ್ನು ಬೈಗುಳದ ಪಟ್ಟಿಯಿಂದ ತೆಗೆದುಹಾಕಬೇಕಾಗಿದೆ.